ಹಳೆಯ ಇಲೆಕ್ಟ್ರಾನಿಕ್ ವಸ್ತುಗಳಿಂದ ಗೃಹಾಲಂಕಾರ: ಯಾವುದನ್ನು ಬಿಚ್ಚಬಹುದು, ಯಾವುದನ್ನು ಮುಟ್ಟಬಾರದು

ಮಂಗಳೂರು: ನಗರದ ನಂತೂರಿನಿಂದ ಕುಲಶೇಖರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169ರ ಬದಿಯ ಬಿಕರ್ನಕಟ್ಟೆಯು ರಾಜ್ಯದ ಓದುಗರಿಗೆ ಎರಡು ಕಾರಣಗಳಿಂದ ಪರಿಚಿತವಾಗಿದೆ. ಮೊದಲನೆಯದು ಅಲ್ಲಿನ ಬಾಲ ಯೇಸುವಿನ ಪುಣ್ಯಕ್ಷೇತ್ರ. ಎರಡನೆಯದು ಬಿಕರ್ನಕಟ್ಟೆ–ಸಾಣೂರು ಚತುಷ್ಪಥ ಕಾಮಗಾರಿ. ರಸ್ತೆ ಅಗಲವಾಗುವಾಗ, ಹಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಏಳುವಾಗ, ಸಂಸಾರ ಫ್ಲ್ಯಾಟಿಗೆ ಸ್ಥಳಾಂತರಗೊಳ್ಳುವಾಗ ಮೊದಲು ಖಾಲಿಯಾಗುವುದು ಅಟ್ಟ. ಕರಾವಳಿಯ ಅಟ್ಟದಿಂದ ಇಳಿಯುವ ಸಾಮಾನುಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ತಾಮ್ರದ ಹಂಡೆಗಿಂತ ಹೆಚ್ಚಾಗಿ ಕಾಣಸಿಗುವುದು ಟೂ-ಇನ್-ಒನ್, ವಿ.ಸಿ.ಆರ್., ಕೀಬೋರ್ಡ್, ದಪ್ಪ ಬೆನ್ನಿನ ಟಿ.ವಿ. ಮತ್ತು ಹೆಸರೇ ಮರೆತುಹೋದ ಮೊಬೈಲುಗಳು. ಇವುಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಬದಲು ಗೋಡೆ ಗಡಿಯಾರ, ದೀಪ, ಪೆನ್ ಸ್ಟ್ಯಾಂಡ್, ತೂಗುಚಿತ್ರಗಳನ್ನಾಗಿ ಮಾರ್ಪಡಿಸುವ ಹವ್ಯಾಸವೊಂದು ಬೆಳೆದಿದೆ. ಅದರ ವಿಧಾನ, ಅಪಾಯ ಹಾಗೂ ಕಾನೂನಿನ ಕುರಿತ ಮಾಹಿತಿ ಇಲ್ಲಿದೆ.

ಗಲ್ಫಿನಿಂದ ಬಂದ ಪೆಟ್ಟಿಗೆಗಳು

ದಕ್ಷಿಣ ಕನ್ನಡ, ಉಡುಪಿ ಹಾಗೂ ಕಾಸರಗೋಡು ಜಿಲ್ಲೆಗಳ ಮನೆಗಳಿಗೆ ಇಲೆಕ್ಟ್ರಾನಿಕ್ ಸಾಮಾನುಗಳು ಪ್ರವೇಶಿಸಿದ ಬಗೆ ರಾಜ್ಯದ ಇತರ ಭಾಗಗಳಿಗಿಂತ ಭಿನ್ನವಾದುದು. ಬಯಲುಸೀಮೆಯ ಮನೆಗಳಲ್ಲಿ ಮರ್ಫಿ ರೇಡಿಯೋ, ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯ ಕಪ್ಪು ದೂರವಾಣಿ ಮೊದಲಾದ ದೇಶೀ ಸಾಮಾನುಗಳೇ ಪ್ರಧಾನವಾಗಿದ್ದ ಕಾಲದಲ್ಲಿ, ಕರಾವಳಿಯಲ್ಲಿ ಅವುಗಳ ಪಕ್ಕದಲ್ಲೇ ದುಬೈ, ಮಸ್ಕತ್, ಕುವೈತಿನಿಂದ ರಜೆಗೆ ಬಂದವರು ತಂದ ನ್ಯಾಷನಲ್ ಪ್ಯಾನಸಾನಿಕ್, ಸಾನ್ಯೊ, ಶಾರ್ಪ್, ಐವಾ ಕಂಪೆನಿಗಳ ಟೇಪ್‌ರೆಕಾರ್ಡರುಗಳಿದ್ದವು. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭಗೊಂಡಿತು. 1982ರಲ್ಲಿ ದೇಶಕ್ಕೆ ಬಣ್ಣದ ಟಿ.ವಿ. ಬಂತು. ಹಾಗೆ ಬಂದ ವಸ್ತುಗಳು ಕೆಟ್ಟ ನಂತರವೂ ಮನೆಯಿಂದ ಹೊರಹೋಗಲಿಲ್ಲ. ಬೆವರು ಸುರಿಸಿ ಸಂಪಾದಿಸಿ ಹೊತ್ತು ತಂದ ಪೆಟ್ಟಿಗೆಯನ್ನು ಕಿಲೋ ಲೆಕ್ಕದಲ್ಲಿ ಮಾರಲು ಮನಸ್ಸು ಒಪ್ಪುವುದು ಸುಲಭವಲ್ಲ. ಈ ಹವ್ಯಾಸದ ಹಿಂದೆ ಪರಿಸರ ಕಾಳಜಿಗಿಂತ ಹೆಚ್ಚಾಗಿ ಈ ಮಮತೆಯೇ ಕೆಲಸ ಮಾಡುತ್ತಿದೆ ಎಂಬುದು ಈ ವರದಿಗಾರನ ಅನಿಸಿಕೆ.

ತ್ಯಾಜ್ಯದಿಂದ ಅಲಂಕಾರ ಮಾಡುವ ರೂಢಿ ಮಂಗಳೂರಿಗೆ ಹೊಸತೇನಲ್ಲ. ದೀಪಾವಳಿಯ ಸಮಯದಲ್ಲಿ ಕುದ್ರೋಳಿ ಶ್ರೀ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ ನಡೆಯುತ್ತ ಬಂದಿರುವ ಗೂಡುದೀಪ ಸ್ಪರ್ಧೆಯನ್ನು ನೋಡಿದವರಿಗೆ ಇದು ತಿಳಿದ ಸಂಗತಿ. ಬಣ್ಣದ ಕಾಗದ ಮತ್ತು ಬಿದಿರಿನ ಸಾಂಪ್ರದಾಯಿಕ ಗೂಡುದೀಪಗಳ ಜೊತೆಗೆ ಆಧುನಿಕ ಮಾದರಿಗಳಿಗೂ ಅಲ್ಲಿ ಅವಕಾಶವಿದ್ದು, ಕೈಗೆ ಸಿಕ್ಕ ಯಾವ ವಸ್ತುವೂ ದೀಪದ ಮೈಯಾಗಬಲ್ಲದು. ಡಿಸೆಂಬರಿನಲ್ಲಿ ಬಿಕರ್ನಕಟ್ಟೆ, ಕುಲಶೇಖರ, ವೆಲೆನ್ಸಿಯಾ ಕಡೆಯ ಕ್ರೈಸ್ತ ಮನೆಗಳಲ್ಲಿ ಕಟ್ಟುವ ಗೋದಲಿ ಹಾಗೂ ತೂಗುಹಾಕುವ ನಕ್ಷತ್ರಗಳದ್ದೂ ಇದೇ ಕಥೆ. ಕೈಕೆಲಸದ ಅಭ್ಯಾಸ ಇಲ್ಲಿ ಮೊದಲೇ ಇದೆ, ಬದಲಾಗಿರುವುದು ಕಚ್ಚಾವಸ್ತು.

ಯಾವ ವಸ್ತುವಿನಿಂದ ಏನು

ಆರಂಭಿಸುವವರಿಗೆ ಅತ್ಯಂತ ಸುರಕ್ಷಿತ ವಸ್ತು ಸಿ.ಡಿ. 12 ಸೆಂಟಿಮೀಟರ್ ವ್ಯಾಸ ಮತ್ತು 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆಯಿದು. ಅದರ ಮೇಲೆ ತೆಳುವಾದ ಅಲ್ಯೂಮಿನಿಯಂ ಪದರವಿರುತ್ತದೆ. ಅದರ ಕಾಮನಬಿಲ್ಲಿಗೆ ಬಣ್ಣ ಕಾರಣವಲ್ಲ. ಕೇವಲ 1.6 ಮೈಕ್ರಾನ್ ಅಂತರದಲ್ಲಿ ಸುತ್ತಿಕೊಂಡಿರುವ ದಾಖಲೆಯ ಸಾಲುಗಳು ಬೆಳಕನ್ನು ಒಡೆಯುವುದರಿಂದ ಆ ವರ್ಣಗಳು ಕಾಣುತ್ತವೆ. ಆದುದರಿಂದ ಅದು ವರ್ಷಗಳ ತರುವಾಯವೂ ಮಾಸುವುದಿಲ್ಲ. ಮಾಸುವುದು ಬೆಳ್ಳಿಯ ಪದರ ಮಾತ್ರ. ಆ ಪದರವು ಹೊಳೆಯುವ ಬದಿಯಲ್ಲಿರದೆ, ಹೆಸರು ಮುದ್ರಿಸಿದ ಬದಿಯ ಬಣ್ಣದ ಅಡಿಯಲ್ಲೇ ಇರುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ಗೀರಬಾರದ ಬದಿ ಅದೇ. ಕತ್ತರಿಯಿಂದ ನೇರವಾಗಿ ಕತ್ತರಿಸಿದರೆ ಅಂಚು ಸೀಳುತ್ತದೆ, ಪದರವು ಸಿಪ್ಪೆಯಂತೆ ಏಳುತ್ತದೆ. ಹಾಗಾಗಿ ಮೊದಲು ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿಡುವ ರೂಢಿಯಿದೆ. ಕತ್ತರಿಸಿದ ಚೂರುಗಳನ್ನು ಹಳೆಯ ಹೂಕುಂಡಕ್ಕೆ, ಕನ್ನಡಿಯ ಚೌಕಟ್ಟಿಗೆ ಅಂಟಿಸಿದರೆ ಕನ್ನಡಿಚೂರಿನ ಕೆಲಸದಂತೆ ಕಾಣುತ್ತದೆ. ಗದ್ದೆಯಲ್ಲಿ ಹಕ್ಕಿ ಬೆದರಿಸಲು ಸಿ.ಡಿ. ತೂಗುಹಾಕುವ ರೈತರು ಈ ಗುಣವನ್ನು ನಗರದವರಿಗಿಂತ ಮೊದಲೇ ಕಂಡುಕೊಂಡಿದ್ದರು.

ಗಡಿಯಾರಕ್ಕೆ ಹಾರ್ಡ್ ಡಿಸ್ಕಿನಷ್ಟು ಒಪ್ಪುವ ವಸ್ತು ಬೇರೊಂದಿಲ್ಲ. ಮೇಜಿನ ಕಂಪ್ಯೂಟರಿನ ಹಾರ್ಡ್ ಡಿಸ್ಕಿನೊಳಗೆ 95 ಮಿಲಿಮೀಟರ್ ವ್ಯಾಸದ, ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ಮೇಲಿನ ಮುಚ್ಚಳ ತೆಗೆಯಲು ನಕ್ಷತ್ರಾಕಾರದ ತುದಿಯ ಸ್ಕ್ರೂಡ್ರೈವರ್ ಬೇಕು. ಒಂದೆರಡು ಸ್ಕ್ರೂಗಳು ಲೇಬಲ್ಲಿನ ಅಡಿಯಲ್ಲಿ ಅಡಗಿರುವುದರಿಂದ ಬಲಪ್ರಯೋಗಕ್ಕೆ ಮುನ್ನ ಲೇಬಲ್ಲಿನ ಮೇಲೆ ಬೆರಳಾಡಿಸಿ ನೋಡುವುದು ಒಳಿತು. ತಟ್ಟೆಯ ನಡುವಿನ ರಂಧ್ರ 25 ಮಿಲಿಮೀಟರ್ ಇದ್ದರೆ ಅಂಗಡಿಯಲ್ಲಿ ಸಿಗುವ ಗಡಿಯಾರದ ಯಂತ್ರದ ತಿರುಗಣೆ ಅದಕ್ಕಿಂತ ಬಹಳ ಸಣ್ಣದು. ಆದಕಾರಣ ಹಿಂದೆ ಮುಂದೆ ಅಗಲವಾದ ವಾಷರ್ ಹಾಕಿ ಬಿಗಿಯಬೇಕಾಗುತ್ತದೆ. ಒಂದು ಎಚ್ಚರಿಕೆ: ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನ ತಟ್ಟೆಗಳು ಹಲವು ಬಾರಿ ಲೋಹದವಲ್ಲ, ಗಾಜಿನವು. ಬಾಗಿಸಲು ಹೋದರೆ ಸಾವಿರ ಚೂರಾಗಿ ಸಿಡಿಯುತ್ತವೆ. ಒಳಗಿನ ಅಯಸ್ಕಾಂತಗಳು ಚಿಕ್ಕವಾದರೂ ಬೆರಳಿನ ಚರ್ಮ ಕಚ್ಚುವಷ್ಟು ಬಲಿಷ್ಠವಾಗಿದ್ದು, ಮಕ್ಕಳು ನುಂಗಿದರೆ ಪ್ರಾಣಾಪಾಯವಾಗುತ್ತದೆ. ದೊಡ್ಡವರ ಅಡುಗೆಮನೆಯಲ್ಲಿ ಚಾಕು ಹಿಡಿಯುವ ಪಟ್ಟಿಯಾಗಿ ಅವು ಒದಗಿಬರುತ್ತವೆ.

ಕೀಬೋರ್ಡಿನ ಗುಂಡಿಗಳು ಸುಲಭವಾಗಿ ಕಿತ್ತು ಬರುತ್ತವೆ. ಬಾಗಿಲ ಹೆಸರುಫಲಕ, ಚಿತ್ರದ ಚೌಕಟ್ಟು, ಫ್ರಿಜ್ ಮೇಲೆ ಅಂಟಿಸುವ ಬಿಲ್ಲೆಗಳಿಗೆ ಹೇಳಿ ಮಾಡಿಸಿದಂತಿವೆ. ಹೆಸರುಫಲಕವನ್ನು ಕನ್ನಡದಲ್ಲಿ ಮಾಡಬೇಕೆಂದರೆ ಮಾತ್ರ ತೊಡಕು. ಬಹುತೇಕ ಕೀಲಿಮಣೆಗಳ ಮೇಲೆ ಕನ್ನಡ ಅಕ್ಷರವೇ ಇರುವುದಿಲ್ಲ. ಇದಕ್ಕೆ ಒಂದು ಕಾರಣ ಮಂಗಳೂರು ಸಮೀಪದ ಕಿನ್ನಿಕಂಬಳದವರೇ ಆದ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಯಶಸ್ಸು. ಇಂಗ್ಲಿಷ್ ಕೀಲಿಗಳ ಮೇಲೆಯೇ ಧ್ವನಿಗೆ ಅನುಸಾರವಾಗಿ ಕನ್ನಡ ಮೂಡಿಸುವ ಆ ವಿನ್ಯಾಸ ಮುಂದೆ ರಾಜ್ಯದ ಪ್ರಮಾಣಿತ ವಿನ್ಯಾಸಕ್ಕೆ ಆಧಾರವಾಯಿತು. ಗುಂಡಿಯ ಮೇಲೆ ಕನ್ನಡ ಅಚ್ಚೊತ್ತುವ ಅಗತ್ಯವೇ ಬೀಳಲಿಲ್ಲ. ಕನ್ನಡ ಫಲಕ ಬಯಸುವವರು ಗುಂಡಿಯನ್ನು ಮಗುಚಿ ಹಾಕಿ ಬಣ್ಣದಿಂದ ಬರೆದುಕೊಳ್ಳಬೇಕು.

ಫ್ಲಾಪಿಗಳು ನಾಲ್ಕು ಗೋಡೆ, ಒಂದು ತಳ ಸೇರಿದರೆ ಪೆನ್ ಸ್ಟ್ಯಾಂಡ್. ಮರದ ಕವಚದ ಹಳೆಯ ಟಿ.ವಿ.ಯ ಕವಚವು ಪುಸ್ತಕದ ಕಪಾಟಾಗುತ್ತದೆ, ಆದರೆ ಒಳಗಿನ ಗಾಜಿನ ಕೊಳವೆಯನ್ನು ತಂತ್ರಜ್ಞನಿಂದ ತೆಗೆಸಿದ ಬಳಿಕವಷ್ಟೇ. ಉರಿಯುವ ಸ್ಥಿತಿಯಲ್ಲಿರುವ ವಾಲ್ವ್ ರೇಡಿಯೋಗಳನ್ನು ದಯವಿಟ್ಟು ಒಡೆಯಬೇಡಿ. ದುರಸ್ತಿ ಮಾಡಿದ ರೇಡಿಯೋಗೆ ಇರುವ ಶೋಭೆ, ಹೊಟ್ಟೆ ಬಗೆದು ಬಲ್ಬ್ ಇಟ್ಟ ರೇಡಿಯೋಗೆ ಬರುವುದಿಲ್ಲ. ಸಂಗ್ರಾಹಕರು ಕೊಡುವ ಬೆಲೆಯೂ ಮೊದಲಿನದ್ದಕ್ಕೇ.

ಹಸಿರು ಹಲಗೆಯ ಒಳಗುಟ್ಟು

ಈ ಕಲೆಯಲ್ಲಿ ಅತ್ಯಧಿಕವಾಗಿ ಬಳಕೆಯಾಗುವುದು ಹಸಿರು ಸರ್ಕಿಟ್ ಬೋರ್ಡ್. ದೂರದಿಂದ ನೋಡಿದರೆ ವಿಮಾನದಿಂದ ಕಾಣುವ ನಗರದಂತಿರುವ ಅದರ ಆಕರ್ಷಣೆ ಸಹಜವೇ. ಅಪಾಯವೂ ಅಲ್ಲೇ ಹೆಚ್ಚು. ಬೋರ್ಡಿನ ಮೈ ಗಾಜಿನ ನೂಲು ಮತ್ತು ಎಪಾಕ್ಸಿ ರಾಳದಿಂದ ಮಾಡಿದ್ದು. ಬೆಂಕಿ ಹತ್ತದಿರಲೆಂದು ಬ್ರೋಮಿನ್ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಗರಗಸ ಹಾಕಿದರೆ ಏಳುವ ಧೂಳು ಗಾಜಿನ ಧೂಳು. ಶ್ವಾಸಕೋಶಕ್ಕೆ ಹೊಕ್ಕರೆ ಹೊರಬರುವುದಿಲ್ಲ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ತವರದ ಜೊತೆಗೆ ಸೀಸವಿರುತ್ತದೆ. ಸಾಮಾನ್ಯವಾಗಿ ಬಳಸುತ್ತಿದ್ದ ಮಿಶ್ರಣದಲ್ಲಿ ನೂರಕ್ಕೆ 37ರಿಂದ 40 ಭಾಗ ಸೀಸ. ಯುರೋಪಿನಲ್ಲಿ 2006ರ ಜುಲೈಯಿಂದ ಹೊಸ ಉಪಕರಣಗಳಲ್ಲಿ ಸೀಸದ ಬಳಕೆಗೆ ನಿರ್ಬಂಧ ಬಂತು. ಅಟ್ಟದಿಂದ ಇಳಿಯುವ ಬೋರ್ಡುಗಳು ಬಹುಪಾಲು ಅದಕ್ಕಿಂತ ಹಿಂದಿನವು.

ಹೀಗಾಗಿ ಬೋರ್ಡನ್ನು ಇದ್ದ ಅಳತೆಯಲ್ಲೇ ಬಳಸುವುದು ಉತ್ತಮ. ಕತ್ತರಿಸಲೇಬೇಕಾದರೆ ನೀರು ಚಿಮುಕಿಸುತ್ತ, ಮಾಸ್ಕ್ ಮತ್ತು ಕನ್ನಡಕ ಧರಿಸಿ, ಮನೆಯ ಹೊರಗೆ ಕತ್ತರಿಸಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೆಲಸ ಮುಗಿದೊಡನೆ ಸಾಬೂನಿನಿಂದ ಕೈ ತೊಳೆಯದೆ ಚಹಾ ಲೋಟ ಮುಟ್ಟಬಾರದು. ಸಿದ್ಧವಾದ ವಸ್ತುವಿಗೆ ಎರಡು ಕೋಟು ಪಾರದರ್ಶಕ ವಾರ್ನಿಷ್ ಬಳಿದರೆ ಬೆಸುಗೆಯ ಸೀಸ ಕೈಗೆ ಅಂಟುವುದಿಲ್ಲ. ಬೋರ್ಡಿನಿಂದ ಲೋಟದಡಿಯ ಬಿಲ್ಲೆ ಮಾಡಿ ಊಟದ ಮೇಜಿನ ಮೇಲಿಡುವುದು ಅಂತರಜಾಲದಲ್ಲಿ ಬಹಳ ಜನಪ್ರಿಯ. ಆದರೆ ಸೀಸವಿರುವ ವಸ್ತುವಿಗೆ ಅನ್ನದ ಬಟ್ಟಲಿನ ಪಕ್ಕದಲ್ಲಿ ಜಾಗವಿಲ್ಲ. ಮಕ್ಕಳ ಆಟಿಕೆ, ಕಿವಿಯೋಲೆಗಳ ವಿಷಯದಲ್ಲೂ ಇದೇ ಮಾತು.

ಕೆಲವು ವಸ್ತುಗಳನ್ನು ಮುಟ್ಟದೇ ಇರುವುದೇ ಜಾಣತನ. ದಪ್ಪ ಬೆನ್ನಿನ ಟಿ.ವಿ. ಮತ್ತು ಮಾನಿಟರಿನ ಗಾಜಿನ ಕೊಳವೆಯೊಳಗೆ ನಿರ್ವಾತವಿದ್ದು, ಕತ್ತು ಮುರಿದರೆ ಒಳಮುಖವಾಗಿ ಸಿಡಿಯುತ್ತದೆ. ಬಣ್ಣದ ಟಿ.ವಿ.ಯ ಕೊಳವೆಗೆ 20 ಸಾವಿರ ವೋಲ್ಟಿಗೂ ಮಿಕ್ಕಿದ ವಿದ್ಯುತ್ ಹರಿಯುತ್ತಿದ್ದು, ಪ್ಲಗ್ ತೆಗೆದ ಬಳಿಕವೂ ಅದರ ಶೇಷ ಉಳಿದಿರಬಹುದು. ಆ ಗಾಜಿನಲ್ಲಿ ಸೀಸವಿದೆ. ಒಳಗೋಡೆಗೆ ಬಳಿದ ಪುಡಿಯೂ ವಿಷಕಾರಿ. ಮೈಕ್ರೋವೇವ್ ಒಲೆಯ ಕೆಪಾಸಿಟರ್ ಒಂದೇ ಏಟಿಗೆ ಜೀವ ತೆಗೆಯಬಲ್ಲದು. ಸಿ.ಎಫ್.ಎಲ್. ಮತ್ತು ಟ್ಯೂಬ್‌ಲೈಟುಗಳಲ್ಲಿ ಪಾದರಸವಿದೆ. ಮೊಬೈಲ್, ಲ್ಯಾಪ್‌ಟಾಪುಗಳ ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ತಗಲಿದರೆ ಬೆಂಕಿ ಏಳುತ್ತದೆ, ಅದೂ ಉಬ್ಬಿದ ಬ್ಯಾಟರಿಯಾದರೆ ಕೇಳುವುದೇ ಬೇಡ. ತಂತಿಯ ತಾಮ್ರಕ್ಕಾಗಿ ಅದರ ಪ್ಲಾಸ್ಟಿಕ್ ಸುಡುವವರನ್ನು ಈಗಲೂ ಕಾಣಬಹುದು. ಆ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ.

ಕ್ಯಾಸೆಟ್ ಬಿಚ್ಚುವ ಮುನ್ನ

ಕ್ಯಾಸೆಟ್‌ಗಳಿಂದ ದೀಪದ ಕವಚ, ಗೋಡೆಯ ಫಲಕ, ಪರ್ಸ್ ಮಾಡುವುದು ಈ ಹವ್ಯಾಸದ ಜನಪ್ರಿಯ ಶಾಖೆ. ವಿಷದ ಭಯ ಕಡಿಮೆ, ಕೆಲಸ ಸುಲಭ. ಆದರೂ ಕರಾವಳಿಯಲ್ಲಿ ಈ ಒಂದು ವಸ್ತುವಿನ ಬಗ್ಗೆ ಉಳಿದೆಲ್ಲಕ್ಕಿಂತ ಹೆಚ್ಚು ಎಚ್ಚರ ಅವಶ್ಯ.

ಗಲ್ಫಿನಿಂದ ಬಂದ ಟೂ-ಇನ್-ಒನ್ ಇಲ್ಲಿ ಕೇವಲ ಚಿತ್ರಗೀತೆ ಕೇಳುವ ಯಂತ್ರವಾಗಿರಲಿಲ್ಲ. ಯಕ್ಷಗಾನ ಬಯಲಾಟದ ರಂಗಸ್ಥಳದ ಎದುರು, ತಾಳಮದ್ದಳೆಯ ಜಮಖಾನದ ಅಂಚಿನಲ್ಲಿ ಕೆಂಪು ಗುಂಡಿ ಅದುಮಿ ಕುಳಿತ ಅಭಿಮಾನಿಗಳು ಊರೂರಲ್ಲಿ ಇದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ, 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ ಮಾರುಕಟ್ಟೆಯ ಧ್ವನಿಸುರುಳಿಗಳಲ್ಲೂ ಉಳಿದಿವೆ, ನಿಜ. ಆದರೆ ಒಂದು ರಾತ್ರಿಯ, ಒಂದು ಪ್ರಸಂಗದ, ಆ ದಿನದ ಮಾತಿನ ವರಸೆ ಉಳಿದಿರುವುದು ಯಾರದೋ ಅಟ್ಟದ ಆ ಒಂದೇ ಕ್ಯಾಸೆಟ್ಟಿನಲ್ಲಿ ಇರಬಹುದು. ತಾಳಮದ್ದಳೆಯಲ್ಲಿ ಮಾತಿಗೆ ಲಿಖಿತ ಪಠ್ಯವಿಲ್ಲ. ಆಡಿದ ಕ್ಷಣದಲ್ಲಿ ಹುಟ್ಟಿದ ಮಾತು ದಾಖಲಾಗದಿದ್ದರೆ ಅಲ್ಲಿಗೇ ಮುಗಿಯಿತು. ಗಲ್ಫಿನಲ್ಲಿದ್ದ ಮಗನಿಗೆ ಕಾಗದ ಬರೆಯಲು ಬಾರದ ತಾಯಿ ಮಾತನಾಡಿ ಕಳುಹಿಸಿದ ಕ್ಯಾಸೆಟ್‌ಗಳೂ ಅದೇ ರಾಶಿಯಲ್ಲಿರುತ್ತವೆ.

ಆದಕಾರಣ ಕೈಬರಹದ ಹೆಸರಿರುವ ಅಥವಾ ಹೆಸರೇ ಇಲ್ಲದ ಕ್ಯಾಸೆಟ್‌ಗಳನ್ನು ಬೇರ್ಪಡಿಸಿ, ಕೇಳಿ, ಗಣಕೀಕರಿಸಿದ ನಂತರವೇ ಕೈಕೆಲಸಕ್ಕೆ ತೆಗೆದುಕೊಳ್ಳಬೇಕು. ಟೇಪ್‌ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದರೆ ಸಾಕಾಗುವ ಕೆಲಸವಿದು. ಕರಾವಳಿಯ ತೇವದಲ್ಲಿ ಬೂಷ್ಟು ಹಿಡಿದ ಟೇಪನ್ನು ಮಾತ್ರ ನೇರವಾಗಿ ಓಡಿಸಬಾರದು, ಬಲ್ಲವರಲ್ಲಿ ಸ್ವಚ್ಛಗೊಳಿಸಿಕೊಳ್ಳಬೇಕು. ಕಂಪೆನಿ ಮುದ್ರಿಸಿದ ಚಿತ್ರಗೀತೆಗಳ ಕ್ಯಾಸೆಟ್ ಎಷ್ಟಿದ್ದರೂ ದೀಪಕ್ಕೆ ಬಳಸಲು ಅಡ್ಡಿಯಿಲ್ಲ. 78 ವೇಗದ ಗ್ರಾಮಫೋನ್ ತಟ್ಟೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಬಿಸಿ ಮಾಡಿ ಬಟ್ಟಲಾಗಿ ಬಾಗಿಸುವ ತಂತ್ರ ಇರುವುದು ನಂತರದ ವಿನೈಲ್ ತಟ್ಟೆಗಳಿಗೆ. ಅರಗಿನ ಹಳೆಯ ತಟ್ಟೆ ಪುಡಿಯಾಗುತ್ತದೆ, ಅಷ್ಟೇ.

ಉಪ್ಪುಗಾಳಿ, ಮಳೆ ಮತ್ತು ಅಂಟು

ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಅಲಂಕಾರ ಮಂಗಳೂರಿನಲ್ಲಿ ಎರಡು ಮಳೆಗಾಲ ದಾಟುವುದು ಕಷ್ಟ. ಬೋರ್ಡಿನ ತಾಮ್ರಕ್ಕೆ ಕಿಲುಬು, ಕಬ್ಬಿಣದ ಸ್ಕ್ರೂಗಳಿಗೆ ತುಕ್ಕು, ಹಿಂಬದಿಯ ರಟ್ಟಿಗೆ ಬೂಷ್ಟು ಆಷಾಢದೊಳಗೆ ಕಾಣಿಸಿಕೊಳ್ಳುತ್ತವೆ. ರಟ್ಟಿನ ಬದಲು ಪ್ಲೈವುಡ್, ಕಬ್ಬಿಣದ ಬದಲು ಸ್ಟೀಲ್ ಅಥವಾ ಹಿತ್ತಾಳೆಯ ಸ್ಕ್ರೂ ಬಳಸುವುದು ಒಳ್ಳೆಯದು. ಗನ್ನಿನಿಂದ ಹಾಕುವ ಬಿಸಿ ಅಂಟು ಬೇಸಿಗೆಯ ಸೆಖೆಗೆ, ಬಿಸಿಲು ಬೀಳುವ ಗೋಡೆಯಲ್ಲಿ ಮೆತ್ತಗಾಗುತ್ತದೆ. ಎರಡು ಟ್ಯೂಬ್ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ನಿಧಾನವಾದರೂ ಬಿಡುವುದಿಲ್ಲ. ದೀಪಗಳಿಗೆ ಮನೆಯ 230 ವೋಲ್ಟಿನ ತಂತಿಯನ್ನು ಲೋಹದ ಕವಚದೊಳಗೆ ಎಳೆಯುವ ಬದಲು, ಕಡಿಮೆ ವೋಲ್ಟಿನ ಎಲ್.ಇ.ಡಿ. ಪಟ್ಟಿ ಮತ್ತು ಅದರ ಅಡಾಪ್ಟರ್ ಬಳಸಿದರೆ ಶಾಕ್ ಹೊಡೆಯುವ ಪ್ರಶ್ನೆಯೇ ಬಾರದು.

ಕಲಾವಿದರ ದಾರಿ

ಈ ಮಾಧ್ಯಮವನ್ನು ಹವ್ಯಾಸದ ಮಟ್ಟದಿಂದ ಮೇಲಕ್ಕೆ ಕೊಂಡೊಯ್ದವರಲ್ಲಿ ಕರ್ನಾಟಕದವರೂ ಇದ್ದಾರೆ. ಬೆಂಗಳೂರಿನ ವಿಶ್ವನಾಥ ಮಲ್ಲಾಬಾದಿಯವರು ಸರ್ಕಿಟ್ ಬೋರ್ಡ್, ಗುಂಡಿ, ಚಿಪ್ಪುಗಳಿಂದ ಭಾವಚಿತ್ರ, ಶಿಲ್ಪ ಹಾಗೂ ಆಭರಣಗಳನ್ನು ರಚಿಸಿ ಹೆಸರು ಮಾಡಿದ್ದಾರೆ. ಕಲಾವಿದ ಡಿ.ಎಂ. ಶಂಭು ಅವರ ಪುತ್ರರಾದ ಇವರಿಗೆ ಕಲೆ ಮನೆಯಲ್ಲೇ ಒಲಿದದ್ದು. ಮುಂಬಯಿಯ ಹರಿಬಾಬು ನಟೇಶನ್ ಇದೇ ಬಗೆಯ ತ್ಯಾಜ್ಯದಿಂದ ಬೃಹತ್ ಶಿಲ್ಪಗಳನ್ನು ನಿರ್ಮಿಸುತ್ತ ಬಂದಿದ್ದಾರೆ. ಇವರೆಲ್ಲರಿಗಿಂತ ಮೊದಲು, 1957ರಿಂದ ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ, ವಿದ್ಯುತ್ ಸಾಮಾನುಗಳಿಂದ ಗುಟ್ಟಾಗಿ ಕಟ್ಟುತ್ತ ಹೋದ ಶಿಲಾವನ 1976ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಜಪಾನಿಗರು ಅಲಂಕಾರದ ಅರ್ಥವನ್ನೇ ಹಿಗ್ಗಿಸಿದರು. ಟೋಕಿಯೊ ಒಲಿಂಪಿಕ್ಸ್ ಪದಕಗಳಿಗಾಗಿ 2017ರಿಂದ 2019ರವರೆಗೆ ಜನರಿಂದ ಸುಮಾರು 79 ಸಾವಿರ ಟನ್ ಹಳೆಯ ಉಪಕರಣ ಹಾಗೂ 62 ಲಕ್ಷ ಮೊಬೈಲ್ ಸಂಗ್ರಹಿಸಿ, 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ತೆಗೆದರು. 2021ರಲ್ಲಿ ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಪದಕವೂ ಅದರಲ್ಲೊಂದು.

ಬಾಸೆಲ್ ಎಂಬ ಹೆಸರು

ಇಲೆಕ್ಟ್ರಾನಿಕ್ ತ್ಯಾಜ್ಯದ ಕಾನೂನಿಗೆ ಮೂಲವಾದ ಅಂತಾರಾಷ್ಟ್ರೀಯ ಒಪ್ಪಂದದ ಹೆಸರು ಮಂಗಳೂರಿಗರ ಕಿವಿಗೆ ಅಪರಿಚಿತವಲ್ಲ. 1834ರಲ್ಲಿ ಇಲ್ಲಿಗೆ ಬಂದು ಮುಂದೆ ಮುದ್ರಣಾಲಯ, ಹಂಚಿನ ಕಾರ್ಖಾನೆ ಆರಂಭಿಸಿದ ಮಿಷನ್ ಹೊರಟದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ. ಅಪಾಯಕಾರಿ ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ನಿಯಂತ್ರಿಸುವ ಒಪ್ಪಂದವೂ 1989ರಲ್ಲಿ ಅಲ್ಲೇ ಅಂಗೀಕಾರಗೊಂಡು 1992ರಲ್ಲಿ ಜಾರಿಗೆ ಬಂತು.

ಭಾರತದಲ್ಲಿ ಇ-ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮಗಳು ರಚನೆಯಾದದ್ದು 2011ರಲ್ಲಿ. 2012ರ ಮೇ ತಿಂಗಳಲ್ಲಿ ಅವು ಜಾರಿಗೊಂಡವು. 2016ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. 2022ರಲ್ಲಿ ಪ್ರಕಟವಾದ ನಿಯಮಗಳು 2023ರ ಏಪ್ರಿಲ್ 1ರಿಂದ ಅನ್ವಯವಾಗಿದ್ದು, 106 ಬಗೆಯ ಉಪಕರಣಗಳನ್ನು ಒಳಗೊಂಡಿವೆ. ತಯಾರಕ, ಉತ್ಪಾದಕ, ನವೀಕರಣಕಾರ, ಮರುಬಳಕೆದಾರ ಈ ನಾಲ್ಕು ವರ್ಗದವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಸಾವಿರ ಅಥವಾ ಅದಕ್ಕೂ ಹೆಚ್ಚು ಉಪಕರಣ ಬಳಸುವ ಕಚೇರಿ, ಕಾಲೇಜುಗಳು ತಮ್ಮ ಹಳೆಯ ಸಾಮಾನನ್ನು ನೋಂದಾಯಿತರಿಗಷ್ಟೇ ಒಪ್ಪಿಸಬೇಕು. ಆದುದರಿಂದ ದೊಡ್ಡ ಸಂಸ್ಥೆಯೊಂದು ಹಳೆಯ ಕಂಪ್ಯೂಟರುಗಳನ್ನು ಕೈಕೆಲಸ ಮಾಡುವ ಪರಿಚಿತರಿಗೆ ಲಾರಿಗಟ್ಟಲೆ ದಾನ ಮಾಡುವಂತಿಲ್ಲ. ಸ್ವಂತ ಮನೆಯ ಕೀಬೋರ್ಡಿನಿಂದ ಚೌಕಟ್ಟು ಮಾಡುವವರನ್ನು ಉದ್ದೇಶಿಸಿ ಈ ನಿಯಮಗಳು ಬರೆಯಲ್ಪಟ್ಟಿಲ್ಲ. ನಾಲ್ಕು ವರ್ಗಗಳ ಪಟ್ಟಿಯಲ್ಲಿ ಕುಶಲಕರ್ಮಿಗೆ ಸ್ಥಾನವೂ ಇಲ್ಲ.

ಮಿಕ್ಕ ಭಾಗಗಳ ಗತಿ

ಈ ಹವ್ಯಾಸದಿಂದ ಇ-ತ್ಯಾಜ್ಯದ ಸಮಸ್ಯೆ ಬಗೆಹರಿಯುತ್ತದೆಂಬ ಮಾತು ಅತಿಶಯೋಕ್ತಿಯೇ ಸರಿ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯಂತೆ 2022ರಲ್ಲಿ ಜಗತ್ತು ಹೊರಹಾಕಿದ ಇಂತಹ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದು ಶೇ. 22.3 ಮಾತ್ರ. ಗಡಿಯಾರಗಳಿಗೆ ಕರಗುವ ರಾಶಿ ಇದಲ್ಲ. ಇದಲ್ಲದೆ ಒಂದು ಟೇಪ್‌ರೆಕಾರ್ಡರಿನಿಂದ ಅಲಂಕಾರಕ್ಕೆ ಬರುವುದು ಗುಂಡಿ, ಜಾಲರಿ, ಕವಚಗಳಂತಹ ನಿರಪಾಯಕಾರಿ ಭಾಗ; ಉಳಿಯುವುದು ಬೋರ್ಡ್, ಕೆಪಾಸಿಟರ್, ಬ್ಯಾಟರಿ. ಇಡಿಯಾಗಿ ಗುಜರಿಗೆ ಹೋಗಿದ್ದರೆ ಪೂರ್ತಿ ಉಪಕರಣವಾಗಿ ಮರುಬಳಕೆ ಘಟಕ ಸೇರಬಹುದಾಗಿದ್ದ ವಸ್ತು, ಬಿಚ್ಚಿದ ನಂತರ ಪ್ಲಾಸ್ಟಿಕ್ ಚೀಲದಲ್ಲಿ ಮನೆಕಸದ ಜೊತೆ ಪಚ್ಚನಾಡಿಗೆ ಹೋದರೆ ಅಲಂಕಾರದಿಂದ ನಷ್ಟವೇ ಆಯಿತು. 2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಜರಿದು ಕೆಳಗಿನ ಮಂದಾರದ ತೆಂಗು, ಅಡಿಕೆ ತೋಟಗಳನ್ನು ಮುಚ್ಚಿದ್ದನ್ನು ನಗರ ಮರೆತಿಲ್ಲ. ಆ ರಾಶಿಯೊಳಗೆ ನಮ್ಮೆಲ್ಲರ ಮನೆಯ ಬ್ಯಾಟರಿಗಳೂ ಇದ್ದವು.

ಉಳಿಕೆ ಭಾಗಗಳನ್ನು ಹೀಗೆ ವಿಲೇವಾರಿ ಮಾಡಬಹುದು. ಬಿಚ್ಚಿದ ಬೋರ್ಡುಗಳನ್ನು ಒಡೆಯದೆ ಒಣ ರಟ್ಟಿನ ಪೆಟ್ಟಿಗೆಯಲ್ಲಿ ಶೇಖರಿಸಬೇಕು. ಬ್ಯಾಟರಿಗಳ ತುದಿಗೆ ಟೇಪ್ ಅಂಟಿಸಿ ಪ್ರತ್ಯೇಕ ಡಬ್ಬಿಯಲ್ಲಿಡಬೇಕು. ಬ್ಯಾಟರಿಗಳಿಗೆ 2022ರ ಪ್ರತ್ಯೇಕ ನಿಯಮಾವಳಿಯೇ ಇದೆ. ಮೊಬೈಲ್ ಕೊಡುವ ಮುನ್ನ ಸಿಮ್ ಹಾಗೂ ಮೆಮೊರಿ ಕಾರ್ಡ್ ತೆಗೆದು, ಒಳಗಿನ ಮಾಹಿತಿ ಅಳಿಸಿಹಾಕುವುದು ಅಗತ್ಯ. ಹೊಸ ಉಪಕರಣ ಕೊಳ್ಳುವಾಗ ಹಳೆಯದನ್ನು ಹಿಂಪಡೆಯುವ ವ್ಯವಸ್ಥೆಯ ಕುರಿತು ಮಾರಾಟಗಾರರಲ್ಲಿ ಕೇಳಬಹುದು. ಮರುಬಳಕೆಯ ಅಂತಿಮ ಹೊಣೆ ಉತ್ಪಾದಕರದ್ದೇ ಎಂದು ನಿಯಮ ಹೇಳುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಂಗಳೂರು ಪ್ರಾದೇಶಿಕ ಕಚೇರಿಯಲ್ಲಿ ಮಾನ್ಯತೆ ಪಡೆದ ಘಟಕಗಳ ಬಗ್ಗೆ ವಿಚಾರಿಸಬಹುದಾಗಿದೆ. ದೇಶದಲ್ಲಿ ಮೊತ್ತಮೊದಲು ಇಂತಹ ಮಾನ್ಯತೆ ಪಡೆದ ಇ-ಪರಿಸರ ಸಂಸ್ಥೆ 2005ರಲ್ಲಿ ಆರಂಭಗೊಂಡದ್ದು ಬೆಂಗಳೂರು ಸಮೀಪದ ದಾಬಸ್‌ಪೇಟೆಯಲ್ಲಿ, ಡಾ. ಪಿ. ಪಾರ್ಥಸಾರಥಿಯವರಿಂದ. ವಸತಿ ಸಮುಚ್ಚಯದಲ್ಲಿರುವವರು ನಾಲ್ಕಾರು ಮನೆಗಳ ಉಳಿಕೆಯನ್ನು ಒಟ್ಟುಗೂಡಿಸಿ ವರ್ಷಕ್ಕೊಮ್ಮೆ ಕಳುಹಿಸುವುದು ಅನುಕೂಲಕರ. ಒಂದು ಚೀಲ ಬೋರ್ಡಿಗಾಗಿ ಯಾವ ಘಟಕದವರೂ ವಾಹನ ಕಳುಹಿಸುವುದಿಲ್ಲ. ಒಂದು ಪಿಕಪ್ ತುಂಬುವಷ್ಟಿದ್ದರೆ ಬರುತ್ತಾರೆ.